ಗುಜರಿ ಹೆಡ್ ಕೊಳ್ಳುವ ಮುನ್ನ: ಓದುಗರ ಪತ್ರ, ಮಿಸ್ತ್ರಿಯ ಉತ್ತರ

ರೋಹಿಣಿ ಮಳೆ ಹತ್ತಿರ ಬಂತೆಂದರೆ ಹಾವೇರಿ ಜಿಲ್ಲೆಯ ವರ್ಕ್‌ಶಾಪುಗಳ ಮುಂದೆ ಹೆಡ್ ಬಿಚ್ಚಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಹೊಸ ಹೆಡ್ಡಿನ ಬೆಲೆ ಕೇಳಿದ ರೈತರು ಹುಬ್ಬಳ್ಳಿ, ದಾವಣಗೆರೆಯ ಗುಜರಿ ಅಂಗಡಿಗಳ ದಾರಿ ಹಿಡಿಯುತ್ತಾರೆ. ಅಲ್ಲಿ ಒಳ್ಳೆಯ ಮಾಲೂ ಸಿಗುತ್ತದೆ, ದುಡ್ಡು ನೀರುಪಾಲಾಗುವ ಮಾಲೂ ಸಿಗುತ್ತದೆ. ಹಳೆ ಸಿಲಿಂಡರ್ ಹೆಡ್ಡನ್ನು ಅದರ ಮೈಮೇಲಿನ ಗುರುತುಗಳಿಂದ ಪತ್ತೆಹಚ್ಚುವುದು ಹೇಗೆಂದು ಕೇಳಿದ ಪತ್ರಗಳೇ ಈ ಸಲ ಹೆಚ್ಚು ಬಂದಿವೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಅಪ್ಪನ ಕಾಲದ ಮಹೀಂದ್ರ ಬಿ-275 ಟ್ರ್ಯಾಕ್ಟರ್. ಹೆಡ್ ಬಿರುಕು ಬಿಟ್ಟಿತು. ಫೋನಿನಲ್ಲಿ ‘275ರ ಹೆಡ್ ಬೇಕು’ ಅಂತ ಹೇಳಿ ದುಡ್ಡು ಕಳಿಸಿದೆ. ಲಾರಿಯಲ್ಲಿ ಬಂದದ್ದು ಮೂರು ಸಿಲಿಂಡರಿನ ಹೆಡ್. ನಮ್ಮದು ನಾಲ್ಕು ಸಿಲಿಂಡರಿನದು. ಅಂಗಡಿಯವರು ‘275 ಅಂದ್ರ ಇದ ರೀ’ ಅನ್ನುತ್ತಿದ್ದಾರೆ. ಮುಂದೆ ಹೇಗೆ ಕೇಳಿ ತರಿಸಬೇಕು?
— ರೈತ, ಹಾನಗಲ್ಲ ತಾಲ್ಲೂಕು

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ, ನೀವೂ ತಪ್ಪು ಹೇಳಿಲ್ಲ. 275 ಎಂಬ ಅಂಕಿಯನ್ನು ಹೊತ್ತ ಎರಡು ಬೇರೆ ಬೇರೆ ಎಂಜಿನ್‌ಗಳು ನಮ್ಮ ಹೊಲಗಳಲ್ಲಿವೆ.

ನಿಮ್ಮ ಬಿ-275 ಮೂಲತಃ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯದು. ಮಹೀಂದ್ರದವರು ಆ ಕಂಪನಿಯ ಜೊತೆಗೂಡಿ 1963ರಲ್ಲಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಕಟ್ಟಿ ಇದನ್ನು ಇಲ್ಲಿ ತಯಾರಿಸಿದರು. ಅದರ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಒಟ್ಟು ಗಾತ್ರ 144 ಘನ ಇಂಚು, ಅಂದರೆ ಸುಮಾರು 2.36 ಲೀಟರ್. ಆಮೇಲೆ ಬಂದ 275 ಡಿಐ ಮೂರು ಸಿಲಿಂಡರಿನದು, 2048 ಸಿಸಿ. ಈಗ ಹೆಚ್ಚು ಓಡಾಡುವುದು ಇದೇ ಆದ್ದರಿಂದ ಅಂಗಡಿಯವರ ಬಾಯಲ್ಲಿ 275 ಎಂದರೆ ಇದೇ.

ಮೂರು ಸಿಲಿಂಡರಿನದನ್ನು ವಾಪಸ್ ಕಳಿಸಿ ‘ನಾಲ್ಕು ಸಿಲಿಂಡರಿನದು ಕೊಡಿ’ ಎಂದಷ್ಟೇ ಹೇಳಿದರೆ ಇನ್ನೊಂದು ತೊಂದರೆ ಕಾದಿದೆ. 475 ಡಿಐ, 575 ಡಿಐಗಳೂ ನಾಲ್ಕು ಸಿಲಿಂಡರಿನವೇ, 2730 ಸಿಸಿ. ಲೆಕ್ಕ ಹಾಕಿ ನೋಡಿ: 2730ನ್ನು ನಾಲ್ಕರಿಂದ, 2048ನ್ನು ಮೂರರಿಂದ ಭಾಗಿಸಿದರೆ ಎರಡಕ್ಕೂ ಸಿಲಿಂಡರಿಗೆ ಸುಮಾರು 683 ಸಿಸಿ ಬರುತ್ತದೆ. ಎರಡರ ಬೋರ್ 88.9 ಮಿ.ಮೀ., ಸ್ಟ್ರೋಕ್ 110 ಮಿ.ಮೀ. ಅವೆರಡೂ ಒಂದೇ ಮನೆತನ. ನಿಮ್ಮ ಬಿ-275ರ ಬೋರ್ 85.7, ಸ್ಟ್ರೋಕ್ 101.6 ಮಿ.ಮೀ. ಸಿಲಿಂಡರಿನ ಸಂಖ್ಯೆ ಒಂದೇ ಎಂಬ ಕಾರಣಕ್ಕೆ 475ರ ಹೆಡ್ ತಂದು ಕೂರಿಸಲು ಹೋಗಬೇಡಿ.

ಬಿ-275ರಲ್ಲೂ ಡಿಐ ಎಂದು ಹೆಸರು ಸೇರಿದ ಮಾದರಿ ಬಂದಿದೆ. ಆದ್ದರಿಂದ ಹೆಡ್ಡನ್ನು ಮಗುಚಿ ತಳ ನೋಡಲೇಬೇಕು. ಡಿಐ ಅಂದರೆ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವ ಬಗೆ. ಅದರ ಹೆಡ್ಡಿನ ತಳ ಸಪಾಟಾಗಿ, ಎರಡು ವಾಲ್ವ್ ಮತ್ತು ನಾಜಲ್ ತುದಿಯ ತೂತಷ್ಟೇ ಕಾಣುತ್ತದೆ. ಉರಿಯುವ ಕುಳಿ ಪಿಸ್ಟನ್ ತಲೆಯಲ್ಲಿರುತ್ತದೆ. ಡಿಐ ಅಲ್ಲದ್ದರಲ್ಲಿ ಆ ಕುಳಿ ಹೆಡ್ಡಿನೊಳಗೇ ಇದ್ದು, ಅದರ ಬಾಯಿ ಮಾತ್ರ ತಳದಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಹೀಟರ್ ಪ್ಲಗ್ಗಿನ ತೂತೂ ಇರುತ್ತದೆ. ಪಿಸ್ಟನ್ ಒಂದು ಬಗೆಯದು, ಹೆಡ್ ಇನ್ನೊಂದು ಬಗೆಯದು ಆದರೆ ಎಂಜಿನ್ ಸ್ಟಾರ್ಟೇ ಆಗದಿರಬಹುದು. ಸ್ಟಾರ್ಟ್ ಆದರೂ ಹೊಗೆ ಕಾರಿ ಬಲ ಕಳೆದುಕೊಳ್ಳುತ್ತದೆ.

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಪದ್ಧತಿಯ ಬಿಡಿಭಾಗದ ನಂಬರು ‘ಆರ್1’, ‘ಆರ್2’ ಎಂದು ಮುಗಿಯುತ್ತದೆ. ಆರ್ ಮುಂದಿನ ಅಂಕಿ ವಿನ್ಯಾಸವನ್ನು ಎಷ್ಟನೆಯ ಸಲ ತಿದ್ದಿದರು ಎಂಬುದನ್ನು ಹೇಳುತ್ತದೆ. ಒಡೆದ ಹೆಡ್ಡನ್ನು ಗುಜರಿಗೆ ಹಾಕುವ ಮುಂಚೆ ಆ ನಂಬರನ್ನು ಬಾಲದ ಸಮೇತ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಟ್ರ್ಯಾಕ್ಟರಿನ ಹೆಸರು ಹೇಳಿ ಸುಮ್ಮನಾಗಬೇಡಿ. ಹೆಡ್ಡಿನ ತಳದ ಮೇಲೆ ಸ್ಟೀಲ್ ಪಟ್ಟಿ ಇಟ್ಟು ತೆಗೆದ ಫೋಟೋ ತರಿಸಿಕೊಂಡು, ನಿಮ್ಮದರ ಪಕ್ಕ ಇಟ್ಟು ಬೋಲ್ಟಿನ ತೂತು, ನೀರಿನ ತೂತು, ಪುಶ್ ರಾಡಿನ ತೂತು ಒಂದೊಂದಾಗಿ ಹೋಲಿಸಿದ ಮೇಲೆಯೇ ದುಡ್ಡು ಕಳಿಸಿ.

ಪ್ರಶ್ನೆ: ಸರ್, ಹೈವೇ ಪಕ್ಕದ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೇನೆ. ಹೆಡ್ಡಿನ ಮೇಲೆ ಉಬ್ಬಿದ ನಂಬರ್ ಒಂದು, ಪಂಚ್ ಹೊಡೆದ ನಂಬರ್ ಇನ್ನೊಂದು, ಒಂದು ದುಂಡು ಗುರುತು, ಅದರ ಸುತ್ತ ಚುಕ್ಕಿಗಳು ಇರುತ್ತವೆ. ಇದರಲ್ಲಿ ಪಾರ್ಟ್ ನಂಬರ್ ಯಾವುದು? ನಮ್ಮ ಮಿಸ್ತ್ರಿ ‘ಉಬ್ಬಿದ್ದೇ ಖರೇ ನಂಬರ್’ ಅನ್ನುತ್ತಾರೆ.
— ಗ್ಯಾರೇಜ್ ಹುಡುಗ, ಶಿಗ್ಗಾಂವಿ

ಉತ್ತರ: ತಮ್ಮಾ, ನಿಮ್ಮ ಮಿಸ್ತ್ರಿ ಹೇಳಿದ್ದರಲ್ಲಿ ಅರ್ಧ ಸರಿ. ಉಬ್ಬಿದ ಅಕ್ಷರ ಎರಕದ ಹೊತ್ತಿನಲ್ಲೇ ಮೂಡಿದ್ದು. ಮರಳಿನ ಅಚ್ಚು ತೆಗೆಯುವ ಪ್ಯಾಟರ್ನಿನ ಮೇಲೆ ಅಕ್ಷರ ಕೂರಿಸಿರುತ್ತಾರೆ. ಅದು ಮರಳಿನಲ್ಲಿ ತಗ್ಗು ಮಾಡುತ್ತದೆ, ಬೀಡು ಹೊಯ್ದಾಗ ಆ ತಗ್ಗೇ ಉಬ್ಬಾಗಿ ಬರುತ್ತದೆ. ಹೀಗಾಗಿ ಅದನ್ನು ಆಮೇಲೆ ಯಾರೂ ಸುಲಭವಾಗಿ ಸೇರಿಸಲಾರರು. ಈ ಮಟ್ಟಿಗೆ ಅದು ನಂಬಿಕೆಯ ಗುರುತು.

ಆದರೆ ಅದು ಎರಕದ ನಂಬರು, ಅಷ್ಟೆ. ಒಂದೇ ಎರಕವನ್ನು ಮಷಿನ್ನಿಗೆ ಹಾಕಿ ಎರಡು ಮೂರು ಬಗೆಯ ಹೆಡ್ ಮಾಡುವುದುಂಟು: ಒಂದಕ್ಕೆ ವಾಲ್ವ್ ಸೀಟಿನ ರಿಂಗ್ ಕೂರಿಸುತ್ತಾರೆ, ಇನ್ನೊಂದಕ್ಕಿಲ್ಲ, ಒಂದರ ನಾಜಲ್ ತೂತು ಅಗಲ, ಇನ್ನೊಂದರದು ಕಿರಿದು, ಒಂದಕ್ಕೆ ಟೆಂಪರೇಚರ್ ಸೆನ್ಸರಿನ ತೂತು ಕೊರೆದಿರುತ್ತಾರೆ, ಇನ್ನೊಂದರಲ್ಲಿ ಆ ಜಾಗ ಬರೀ ಗುಬ್ಬಿಯಾಗಿ ಉಳಿದಿರುತ್ತದೆ. ಯಾವ ಬಗೆ ಎಂಬುದು ಮಷಿನ್ ಕೆಲಸ ಮುಗಿದ ಮೇಲೆ ಹೊಡೆದ ಪಂಚಿನಲ್ಲೋ, ಅಂಟಿಸಿದ ಚೀಟಿಯಲ್ಲೋ ಇರುತ್ತದೆ. ಚೀಟಿ ಉಳಿಯುವುದಿಲ್ಲ. ಪಂಚ್ ಹೊಡೆದದ್ದೆಲ್ಲ ಕಂಪನಿಯದೂ ಅಲ್ಲ. ಹಿಂದೆ ಹೆಡ್ ಬಿಚ್ಚಿದ ವರ್ಕ್‌ಶಾಪಿನವರು ತಮ್ಮ ಗುರುತಿಗೆ ಹೊಡೆದಿರಬಹುದು. ಸಾಲು ನೆಟ್ಟಗಿದ್ದು ಅಕ್ಷರಗಳ ಆಳ ಒಂದೇ ಸಮ ಇದ್ದರೆ ಕಾರ್ಖಾನೆಯದೆನ್ನಬಹುದು. ಅಂಕಿ ಕುಣಿಯುತ್ತಿದ್ದರೆ ಕೈಯಿಂದ ಹೊಡೆದದ್ದು. ಸುತ್ತ ಗ್ರೈಂಡರಿನ ಗೆರೆ ಕಂಡರೆ ಹಳೆಯದನ್ನು ಅಳಿಸಿದ್ದಾರೆಂದು ತಿಳಿ, ಆ ಮಾಲು ಅಲ್ಲೇ ಬಿಡು.

ದುಂಡು ಗುರುತು ಎರಕದ ತಾರೀಖು. ಗಡಿಯಾರದ ಮುಖದಂತೆ ಸುತ್ತ 1ರಿಂದ 12 ತಿಂಗಳು, ನಡುವೆ ವರ್ಷದ ಎರಡಂಕಿ, ತಿಂಗಳು ತೋರಿಸುವ ಒಂದು ಬಾಣ. ಕೆಲವು ಫೌಂಡ್ರಿಗಳು ಬಾಣದ ಬದಲು ತಿಂಗಳಿಗೊಂದರಂತೆ ಚುಕ್ಕಿ ಕೂಡಿಸುತ್ತ ಹೋಗುತ್ತವೆ. ಐದು ಚುಕ್ಕಿ ಇದ್ದರೆ ಮೇ. ಇದರ ಹತ್ತಿರವೇ ಒಂದು ಚಿಕ್ಕ ಚಿಹ್ನೆ ಇದ್ದರೆ ಅದು ಫೌಂಡ್ರಿಯದು. ಬೆಳಗಾವಿ, ಶಿವಮೊಗ್ಗ, ಕೊಲ್ಲಾಪುರ, ಕೊಯಮತ್ತೂರಿನ ಫೌಂಡ್ರಿಗಳು ದೊಡ್ಡ ದೊಡ್ಡ ಕಂಪನಿಗಳಿಗೆ ಎರಕ ಹೊಯ್ದು ಕೊಡುತ್ತವೆ. ಹೀಗಾಗಿ ಚಿಹ್ನೆ ಎಂಜಿನ್ ಕಂಪನಿಯದಲ್ಲ ಎಂದ ಮಾತ್ರಕ್ಕೆ ಹೆಡ್ ನಕಲಿ ಅಲ್ಲ. ‘ಎಫ್‌ಜಿ 260’ ಎಂದು ಕಂಡರೆ ಅದನ್ನು ಪಾರ್ಟ್ ನಂಬರ್ ಎಂದು ಬರೆದುಕೊಳ್ಳಬೇಡ. ಅದು ಐಎಸ್ 210 ಮಾನಕದ ಪ್ರಕಾರ ಬೀಡಿನ ದರ್ಜೆ. ಚದರ ಮಿಲಿಮೀಟರಿಗೆ 260 ನ್ಯೂಟನ್ ಎಳೆತ ತಡೆಯುವ ಬೀಡು ಎಂದರ್ಥ.

ಹಳೆ ಫೋರ್ಡ್ ಟ್ರ್ಯಾಕ್ಟರಿನ ವಿದೇಶಿ ಹೆಡ್ ಕೈಗೆ ಬಂದರೆ ಫೋರ್ಡ್ ಕಂಪನಿಯ ಲಿಪಿ ಓದಲು ಕಲಿ, ಬಹಳ ಚೆಂದದ ಪದ್ಧತಿ ಅದು. ನಂಬರಿನ ಮೊದಲ ಅಕ್ಷರ ದಶಕ: ಸಿ ಅಂದರೆ 1960ರ ದಶಕ, ಡಿ 1970ರದು, ಇ 1980ರದು. ಎರಡನೆಯದು ಆ ದಶಕದ ವರ್ಷ. ಮುಂದಿನ ಎನ್ ಅಕ್ಷರ ಟ್ರ್ಯಾಕ್ಟರಿನದು. ‘ಡಿ5ಎನ್ಎನ್’ ಎಂದಿದ್ದರೆ 1975ರಲ್ಲಿ ವಿನ್ಯಾಸಗೊಂಡ ಟ್ರ್ಯಾಕ್ಟರ್ ಭಾಗ. ಬೇರೆ ಕಡೆ ‘8ಸಿ12’ ಎಂಬಂಥ ಚಿಕ್ಕ ಬರಹ ಇರುತ್ತದೆ, ಅದು ಎರಕದ ದಿನ: ವರ್ಷದ ಕೊನೆಯ ಅಂಕಿ 8, ಮೂರನೆಯ ತಿಂಗಳು, 12ನೇ ತಾರೀಖು. ತಿಂಗಳ ಅಕ್ಷರಗಳಲ್ಲಿ ಐ ಬಿಟ್ಟಿರುತ್ತಾರೆ. ಈ 8 ಎಂದರೆ 1978ಓ 1988ಓ ಎಂಬುದು ಅಷ್ಟರಿಂದಲೇ ಗೊತ್ತಾಗದು; 1975ರ ವಿನ್ಯಾಸ ಎಷ್ಟೋ ವರ್ಷ ಎರಕಗೊಂಡಿರಬಹುದು. ಎರಡೂ ಬರಹ ಸೇರಿಸಿ ಓದಬೇಕು.

ಇನ್ನೊಂದು ಮಾತು, ಇದನ್ನು ಅಂಗಡಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಕೆಲವರು ಅಸಲಿ ಹೆಡ್ಡನ್ನೇ ಪ್ಯಾಟರ್ನ್ ಮಾಡಿಕೊಂಡು ಮರಳಿನಲ್ಲಿ ಅದ್ದಿ ನಕಲು ಎರಕ ತೆಗೆಯುತ್ತಾರೆ. ಆಗ ನಂಬರೂ ಕಂಪನಿಯ ಹೆಸರೂ ನಕಲಾಗಿಯೇ ಬರುತ್ತವೆ. ಆದರೆ ಬೀಡು ಆರುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಸರಿಯಾದ ಪ್ಯಾಟರ್ನಿಗೆ ಈ ಕುಗ್ಗುವಿಕೆ ಲೆಕ್ಕ ಹಾಕಿ ಅಳತೆ ಹೆಚ್ಚಿಟ್ಟಿರುತ್ತಾರೆ. ಅಸಲಿ ಹೆಡ್ಡೇ ಪ್ಯಾಟರ್ನ್ ಆದರೆ ಆ ಹೆಚ್ಚಳ ಇರುವುದಿಲ್ಲ. 400 ಮಿ.ಮೀ. ಉದ್ದದ ಮೈ ಹತ್ತಿರ ಹತ್ತಿರ 4 ಮಿ.ಮೀ. ಗಿಡ್ಡವಾಗುತ್ತದೆ. ಬೋಲ್ಟಿನ ತೂತು ಹೊಸದಾಗಿ ಕೊರೆಯುವುದರಿಂದ ಅವು ಹೊಂದುತ್ತವೆ, ಆದರೆ ನೀರಿನ ಗೋಡೆ ಎಲ್ಲೋ ಒಂದು ಕಡೆ ತೆಳುವಾಗಿರುತ್ತದೆ. ಅಂಥ ಎರಕದಲ್ಲಿ ಅಕ್ಷರಗಳ ಅಂಚು ಮೊಂಡಾಗಿರುತ್ತದೆ. ಡೀಸೆಲ್ಲಿನಲ್ಲಿ ತೊಳೆದು, ತಂತಿ ಬ್ರಶ್ಶಿನಿಂದ ಉಜ್ಜಿ, ಒಣಗಿದ ಮೇಲೆ ಉಬ್ಬಕ್ಷರದ ಮೇಲೆ ಸೀಮೆಸುಣ್ಣ ಅಡ್ಡಡ್ಡ ಆಡಿಸು. ಬ್ಯಾಟರಿ ಬೆಳಕನ್ನು ಪಕ್ಕದಿಂದ ಬಿಟ್ಟು ನೋಡು. ಅಂಚು ಚೂಪೋ ಮೊಂಡೋ ಆಗ ತಿಳಿಯುತ್ತದೆ.

ಹೈವೇ ಗ್ಯಾರೇಜಿನಲ್ಲಿದ್ದೀಯಾದ್ದರಿಂದ ಟಾಟಾ ಹೆಸರುಗಳನ್ನೂ ತಿಳಿದುಕೋ. 497 ಅಂದರೆ 4 ಸಿಲಿಂಡರ್, 97 ಮಿ.ಮೀ. ಬೋರ್, 697 ಅಂದರೆ 6 ಸಿಲಿಂಡರ್, ಬೋರ್ ಅದೇ. ಆದರೆ ಸ್ಟ್ರೋಕ್ 497ಕ್ಕೆ 100, 697ಕ್ಕೆ 128 ಮಿ.ಮೀ. ಅವು ಎಂಜಿನ್ನಿನ ಹೆಸರು, ಹೆಡ್ಡಿನ ನಂಬರಲ್ಲ.

ಪ್ರಶ್ನೆ: ನಮ್ಮ ಹಿಟ್ಟಿನ ಗಿರಣಿಗೆ ಮಾವನವರ ಕಾಲದ ಲಿಸ್ಟರ್ ಎಂಜಿನ್ ಐತಿ. ಕರೆಂಟ್ ಹೋದಾಗ ಅದ ಗತಿ. ಹೆಡ್ಡಿನ್ಯಾಗ ನೀರು ಸೋರಾಕತ್ತು ಅಂತ ಹಳೆದೊಂದು ತರಿಸೇವಿ. ನಮ್ಮ ಹೆಡ್ಡಿಗೆ ಪಕ್ಕದಾಗ ತಿರುವೋ ಚಕ್ರ ಐತಿ, ತಂದದ್ದಕ್ಕ ಇಲ್ಲ. ಮ್ಯಾಲ ಯಾವ ನಂಬರೂ ಇಲ್ಲ. ಕೂರಿಸಬಹುದಾ?
— ಗಿರಣಿ ನಡೆಸುವ ಗೃಹಿಣಿ, ಸವಣೂರು

ಉತ್ತರ: ಅಕ್ಕಾವ್ರೆ, ನಂಬರ್ ಇಲ್ಲವೆಂದು ಗಾಬರಿಯಾಗಬೇಡಿ. ಈ ಎಂಜಿನ್ನಿನ ಮೂಲ ಇಂಗ್ಲೆಂಡಿನ ಡರ್ಸ್ಲಿ ಊರಿನ ಆರ್. ಎ. ಲಿಸ್ಟರ್ ಕಂಪನಿ. 1930ರ ಸುಮಾರಿಗೆ ಬಂದ ಆ ಮಾದರಿ ನಿಮಿಷಕ್ಕೆ 650 ಸುತ್ತು ತಿರುಗಿ 6 ಅಶ್ವಶಕ್ತಿ ಕೊಡುತ್ತಿತ್ತು. 850 ಸುತ್ತಿನದು 8 ಅಶ್ವಶಕ್ತಿ. ಬೋರ್ 114.3, ಸ್ಟ್ರೋಕ್ 139.7 ಮಿ.ಮೀ. ಅದೇ ಅಳತೆ ಹಿಡಿದು ರಾಜಕೋಟದ ಕಾರ್ಖಾನೆಗಳು ದಶಕಗಟ್ಟಲೆ ಎಂಜಿನ್ ಮಾಡಿ ದೇಶಕ್ಕೆಲ್ಲ ಕಳಿಸಿದವು. ನಂಬರಿಲ್ಲದ ಹೆಡ್ ಅವುಗಳಲ್ಲಿ ಸಾಮಾನ್ಯ.

ನೋಡಬೇಕಾದದ್ದು ಆ ಚಕ್ರವನ್ನೇ. ನಿಮ್ಮ ಹೆಡ್ಡಿನೊಳಗೆ ಉರಿಯುವ ಕುಳಿಯ ಜೊತೆಗೆ ಇನ್ನೊಂದು ಸಣ್ಣ ಕುಳಿ ಇದೆ. ಚಕ್ರವನ್ನು ಒಳಕ್ಕೆ ತಿರುಗಿಸಿದರೆ ಆ ಸಣ್ಣ ಕುಳಿ ಮುಚ್ಚಿ ಗಾಳಿಯ ಒತ್ತಡ ಹೆಚ್ಚುತ್ತದೆ, ಎಂಜಿನ್ ಬೇಗ ಸ್ಟಾರ್ಟ್ ಆಗುತ್ತದೆ. ಪೂರ್ತಿ ಲೋಡ್ ಬಿದ್ದಾಗ ಹೊರಕ್ಕೆ ತಿರುಗಿಸಿ ಒತ್ತಡ ಇಳಿಸುತ್ತಾರೆ. ರಾಜಕೋಟದ ಎಷ್ಟೋ ಹೆಡ್‌ಗಳಲ್ಲಿ ಈ ಚಕ್ರದ ಜಾಗಕ್ಕೆ ಬರೀ ಮುಚ್ಚಳ ಹಾಕಿರುತ್ತಾರೆ. ನೀವು ತಂದದ್ದು ಅಂಥದ್ದಾದರೆ ತೊಂದರೆಯಿಲ್ಲ, ನಿಮ್ಮ ಪಿಸ್ಟನ್ನಿಗೂ ನಾಜಲ್ಲಿಗೂ ಹೊಂದುತ್ತದೆ.

ಆದರೆ ಅದು ಡಿಐ ಹೆಡ್ ಆಗಿದ್ದರೆ ಕೂರಿಸಬೇಡಿ. ಹಾನಗಲ್ಲದ ರೈತರಿಗೆ ಬರೆದದ್ದೇ ಇಲ್ಲೂ ಅನ್ವಯ: ಮಗುಚಿದಾಗ ಕುಳಿಯ ಬಾಯಿ ಕಂಡರೆ ನಿಮ್ಮ ಬಗೆ, ತಳ ಸಪಾಟಾಗಿದ್ದರೆ ಡಿಐ. ಡಿಐ ಹೆಡ್ಡಿಗೆ ತಲೆಯಲ್ಲಿ ಕುಳಿಯಿರುವ ಪಿಸ್ಟನ್ನೂ ಹಲವು ತೂತಿನ ನಾಜಲ್ಲೂ ಬೇಕು. ನಿಮ್ಮದಕ್ಕೆ ಒಂದೇ ತೂತಿನ ಪಿಂಟಲ್ ನಾಜಲ್. ಅಷ್ಟೆಲ್ಲ ಬದಲಿಸುವ ಖರ್ಚಿಗಿಂತ ಆ ಹೆಡ್ ವಾಪಸ್ ಮಾಡುವುದು ಮೇಲು.

ನಿಮ್ಮ ಹೆಡ್ ಯಾಕೆ ಸೋರಿತು ಎಂಬುದನ್ನೂ ನೋಡಿ. ಬೋರಿನ ಗಡಸು ನೀರು ಹಾಕುತ್ತಿದ್ದರೆ ನೀರಿನ ದಾರಿಯಲ್ಲಿ ಬಿಳಿ ಗಟ್ಟಿ ಪದರು ಕಟ್ಟುತ್ತದೆ, ಆ ಜಾಗ ತಣಿಯದೆ ಕಾದು ಸೀಳುತ್ತದೆ. ಮಳೆನೀರು ಹಿಡಿದಿಟ್ಟು ಟ್ಯಾಂಕಿಗೆ ಹಾಕಿ. ಹೊಸದಾಗಿ ತಂದ ಹೆಡ್ಡಿನ ನೀರಿನ ತೂತಿನಲ್ಲಿ ತಂತಿ ತೂರಿಸಿ ನೋಡಿ. ಅರ್ಧಕ್ಕೇ ನಿಂತರೆ ಅದೂ ಇದೇ ರೋಗದ್ದು.

ಪ್ರಶ್ನೆ: ಪಂಪ್‌ಸೆಟ್ಟಿನ ಕಿರ್ಲೋಸ್ಕರ್ ಎವಿ1 ಎಂಜಿನ್ನಿಗೆ ಬೆಳ್ಳಿ ಬಣ್ಣ ಬಳಿದ ಹಳೆ ಹೆಡ್ ಒಂದನ್ನು ನೋಡಿ ಬಂದಿದ್ದೇನೆ. ಅದು ಎವಿ1ದೋ ಟಿವಿ1ದೋ ಅಂಗಡಿಯವರಿಗೇ ಖಾತ್ರಿಯಿಲ್ಲ. ಬಣ್ಣದಡಿ ಬಿರುಕಿದ್ದರೆ ಹೇಗೆ ಕಂಡುಹಿಡಿಯುವುದು?
— ಗೋವಿನಜೋಳದ ಬೆಳೆಗಾರ, ಹಿರೇಕೆರೂರು

ಉತ್ತರ: ಎವಿ1ರ ಬೋರ್ 80 ಮಿ.ಮೀ., 5 ಅಶ್ವಶಕ್ತಿ. ಟಿವಿ1ರ ಬೋರ್ 87.5 ಮಿ.ಮೀ., 7 ಅಶ್ವಶಕ್ತಿ. ಎರಡರ ಸ್ಟ್ರೋಕೂ 110 ಮಿ.ಮೀ., ಎರಡೂ 1500 ಸುತ್ತಿನವು, ಹೊರನೋಟಕ್ಕೆ ಅಣ್ಣ ತಮ್ಮಂದಿರು.

ಓಡಿದ ಹೆಡ್ಡಿನ ತಳದಲ್ಲಿ ಮಸಿಯ ದುಂಡು ಗುರುತು ಇರುತ್ತದೆ. ಗ್ಯಾಸ್ಕೆಟ್ಟಿನ ಲೋಹದ ಬಳೆ ಒತ್ತಿದ ಗೆರೆ ಅದು. ವರ್ನಿಯರ್ ಕ್ಯಾಲಿಪರಿನಿಂದ ಅದರ ಅಡ್ಡಗಲ ಅಳೆಯಿರಿ. ಬಳೆ ಯಾವಾಗಲೂ ಬೋರಿಗಿಂತ ತುಸು ಅಗಲವಿರುವುದರಿಂದ ಗೆರೆಯೂ ಒಂದೆರಡು ಮಿ.ಮೀ. ಹೆಚ್ಚು ತೋರಿಸುತ್ತದೆ. 81–82 ಬಂದರೆ ಎವಿ1, 89ರ ಆಸುಪಾಸು ಬಂದರೆ ಟಿವಿ1. ನಿಮ್ಮ ಎವಿ1 ಗ್ಯಾಸ್ಕೆಟ್ಟನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ಹೆಡ್ಡಿನ ಮೇಲಿಟ್ಟು ನೋಡಿದರೆ ಇನ್ನೂ ಒಳ್ಳೆಯದು. ತಳವನ್ನು ಆಗಲೇ ಉಜ್ಜಿ ಹೊಳಪು ಮಾಡಿಟ್ಟಿದ್ದರೆ ಈ ಗುರುತು ಸಿಗುವುದಿಲ್ಲ, ಗ್ಯಾಸ್ಕೆಟ್ ಒಂದೇ ದಾರಿ.

ಬೆಳ್ಳಿ ಬಣ್ಣ ನನಗೆ ಸರಿಬೀಳುವುದಿಲ್ಲ. ಮಾರಾಟಕ್ಕಿಟ್ಟ ಹಳೆ ಬೀಡಿಗೆ ಬಣ್ಣ ಬಳಿಯುವುದು ತುಕ್ಕು ತಡೆಯಲೆಂದು ಹೇಳುತ್ತಾರೆ. ಬೆಸುಗೆಯ ಗುರುತೂ ಅದರಡಿ ಮುಚ್ಚಿಹೋಗುತ್ತದೆ. ತಿನ್ನರ್ ಹಚ್ಚಿ ಒರೆಸಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಹೆಡ್ ಸೀಳುವುದು ಹೆಚ್ಚಾಗಿ ಎರಡು ವಾಲ್ವ್ ಸೀಟುಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ, ಇಲ್ಲವೇ ಸೀಟಿನಿಂದ ನಾಜಲ್ ತೂತಿನ ಕಡೆಗೆ. ಆ ಜಾಗ ಚೊಕ್ಕ ಮಾಡಿ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಸೀಳಿದ್ದರೆ ಒಳಗೆ ಕುಡಿದ ಎಣ್ಣೆ ಮೇಲೆ ಬಂದು ಪುಡಿಯಲ್ಲಿ ಕಪ್ಪು ಗೆರೆ ಎಳೆಯುತ್ತದೆ. ಕೆಂಪು ಡೈ ಮತ್ತು ಬಿಳಿ ಸ್ಪ್ರೇ ಸಿಕ್ಕರೆ ಕೂದಲೆಳೆಯಂಥ ಸೀಳೂ ಕಾಣುತ್ತದೆ. ನೀರಿನ ದಾರಿಯೊಳಗಿನ ಸೀಳಿಗೆ ಪ್ರೆಶರ್ ಟೆಸ್ಟೇ ಆಗಬೇಕು: ನೀರಿನ ತೂತುಗಳಿಗೆಲ್ಲ ರಬ್ಬರ್ ಹಾಕಿ ಪ್ಲೇಟಿನಿಂದ ಬಿಗಿದು, ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸುತ್ತಾರೆ. ತಣ್ಣೀರಿನಲ್ಲಿ ಮುಚ್ಚಿಕೊಂಡ ಸೀಳು ಬಿಸಿಗೆ ಬಾಯಿಬಿಟ್ಟು ಗುಳ್ಳೆ ಬಿಡುತ್ತದೆ. ಬಿಸಿನೀರು ಬಳಸುವ ವರ್ಕ್‌ಶಾಪನ್ನೇ ಹುಡುಕಿ.

ಕೊನೆಗೆ ಹೆಡ್ಡಿನ ದಪ್ಪವನ್ನು ನಾಲ್ಕೂ ಮೂಲೆಯಲ್ಲಿ ಅಳೆದು ನಿಮ್ಮ ಹಳೆಯದಕ್ಕೆ ಹೋಲಿಸಿ. ಬಹಳ ತೆಳುವಾಗಿದ್ದರೆ ಹಲವು ಸಲ ಫೇಸಿಂಗ್ ಆಗಿದೆ. ಅಂಥದ್ದರಲ್ಲಿ ನಾಜಲ್ ತುದಿ ಹೆಚ್ಚು ಕೆಳಗಿಳಿಯುತ್ತದೆ, ವಾಲ್ವ್ ಪಿಸ್ಟನ್ನಿಗೆ ತಾಗುವ ಭಯವೂ ಇದೆ. ಒಂಟಿ ಸಿಲಿಂಡರಿನ ಹೆಡ್ಡನ್ನು ಊರಿನ ಲೇತಿನಲ್ಲೇ ಫೇಸಿಂಗ್ ಮಾಡಬಹುದು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಲೇತುಗಳು ಈ ಕೆಲಸಕ್ಕೆ ಧಾರಾಳ ಸಾಕು. ನಾಲ್ಕು ಸಿಲಿಂಡರಿನ ಉದ್ದ ಹೆಡ್ಡಿಗೆ ಮಾತ್ರ ಸರ್ಫೇಸ್ ಗ್ರೈಂಡರ್ ಬೇಕು.

ಪ್ರಶ್ನೆ: ಸ್ವರಾಜ್ ಟ್ರ್ಯಾಕ್ಟರಿನ ಒಂದೇ ಹೆಡ್ ಹಾಳಾಗಿದೆ. ಒಂದನ್ನೇ ಹಳೆಯದು ತಂದು ಹಾಕಬಹುದೆ?
— ಓದುಗ, ಹಿರೇಕೆರೂರು ತಾಲ್ಲೂಕು

ಉತ್ತರ: ಹಾಕಬಹುದು. ಕಿರ್ಲೋಸ್ಕರ್ ವಿನ್ಯಾಸದ ಆ ಎಂಜಿನ್ನಿನಲ್ಲಿ ಸಿಲಿಂಡರಿಗೊಂದು ಹೆಡ್ ಇರುವುದೇ ಅನುಕೂಲ. ಎರಕದ ನಂಬರ್ ಜೊತೆಗೆ ದಪ್ಪವೂ ಉಳಿದವುಗಳಿಗೆ ಸಮ ಇರಬೇಕು. ಬೋಲ್ಟ್ ಬಿಗಿಯುವ ಮುಂಚೆ ಸೈಲೆನ್ಸರ್ ಮ್ಯಾನಿಫೋಲ್ಡ್ ಕೂರುವ ಮುಖಗಳಿಗೆ ಅಡ್ಡಲಾಗಿ ನೆಟ್ಟನೆಯ ಸ್ಟೀಲ್ ಪಟ್ಟಿ ಹಿಡಿದು ಎಲ್ಲ ಹೆಡ್ಡನ್ನೂ ಒಂದೇ ಸಾಲಿಗೆ ತನ್ನಿ. ಈ ಕೆಲಸ ಬಿಟ್ಟವರ ಮ್ಯಾನಿಫೋಲ್ಡ್ ಸೀಳುತ್ತದೆ.

ಪ್ರಶ್ನೆ: ಓಮ್ನಿ ವ್ಯಾನಿಗೆ ಆಲ್ಟೋ ಕಾರಿನ ಹೆಡ್ ಹೊಂದುತ್ತದೆಯೆ? ಎರಡೂ 796 ಸಿಸಿ. ಹೆಡ್ ಬದಲಿಸಿದರೆ ಆರ್‌ಸಿಯಲ್ಲಿ ತಿದ್ದಿಸಬೇಕೆ?
— ಬಾಡಿಗೆ ವ್ಯಾನ್ ಚಾಲಕ, ಸವಣೂರು

ಉತ್ತರ: ಹೊಂದುವುದಿಲ್ಲ. ಓಮ್ನಿಯ ಎಫ್8ಬಿ ಎಂಜಿನ್ನಿಗೆ ಸಿಲಿಂಡರಿಗೆ ಎರಡರಂತೆ 6 ವಾಲ್ವ್. 796 ಸಿಸಿ ಆಲ್ಟೋದ ಎಫ್8ಡಿಗೆ ನಾಲ್ಕರಂತೆ 12 ವಾಲ್ವ್. ಮೇಲಿನ ಮುಚ್ಚಳ ತೆಗೆದು ಎಣಿಸಿದರೆ ಸಾಕು. ಇವು ಅಲ್ಯೂಮಿನಿಯಂ ಹೆಡ್‌ಗಳು. ಒಮ್ಮೆ ವಿಪರೀತ ಕಾದರೆ ಲೋಹವೇ ಮೆತ್ತಗಾಗುತ್ತದೆ, ಆದ್ದರಿಂದ ತಳ ಬಾಗಿದ ಹಳೆ ಅಲ್ಯೂಮಿನಿಯಂ ಹೆಡ್ಡನ್ನು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಬ್ಲಾಕಿನ ಮೇಲೆ ಹೊಡೆದದ್ದು. ಬರೀ ಹೆಡ್ ಬದಲಿಸಿದರೆ ಆ ನಂಬರ್ ಹಾಗೇ ಇರುತ್ತದೆ, ತಿದ್ದುಪಡಿ ಬೇಕಿಲ್ಲ. ಬ್ಲಾಕ್ ಅಥವಾ ಇಡೀ ಎಂಜಿನ್ ಬದಲಿಸಿದರೆ ಮಾತ್ರ ಆರ್‌ಟಿಒ ಕಚೇರಿಗೆ ತಿಳಿಸಿ ಬರೆಸಿಕೊಳ್ಳಬೇಕು. ಏನನ್ನೇ ಕೊಂಡರೂ ರಸೀದಿ ಪಡೆದು, ಅದರಲ್ಲಿ ಹೆಡ್ಡಿನ ಮೇಲಿನ ನಂಬರ್ ಬರೆಸಿ ಇಟ್ಟುಕೊಳ್ಳಿ.

ಮುಂದಿನ ಸಂಚಿಕೆಗೆ ಪ್ರಶ್ನೆ ಕಳಿಸುವವರು ‘ಹಳೆ ಹೆಡ್ ಹೊಂದುತ್ತದೆಯೆ’ ಎಂದಷ್ಟೇ ಬರೆದರೆ ಉತ್ತರಿಸಲಾಗುವುದಿಲ್ಲ. ಉಬ್ಬಿದ ನಂಬರ್, ಪಂಚ್ ಹೊಡೆದ ನಂಬರ್ ಎರಡನ್ನೂ ಬರೆದು, ಹೆಡ್ಡಿನ ತಳದ ಮೇಲೆ ಸ್ಟೀಲ್ ಪಟ್ಟಿ ಇಟ್ಟು ತೆಗೆದ ಫೋಟೋ ಲಗತ್ತಿಸಿ. ಬ್ಲಾಕಿನ ಮೇಲಿನ ಎಂಜಿನ್ ನಂಬರ್ ಮಾತ್ರ ಕಳಿಸುವುದು ಬೇಡ, ಅದು ನಿಮ್ಮಲ್ಲೇ ಇರಲಿ.